ತಂಡದ ಮಾಲೀಕರು ಊರು ನೋಡಲು ಬಂದದ್ದು

"ಥೂ ಮುಂಡೇವಾ! ಹುಲ್ಲಿಗೆ ಬಳೀರಿ ಅಂದ್ರೆ ಮಣ್ಣಿಗೆ ಬಳೀತಿದೀರಲ್ರೇ!"

ಮೇಸ್ತ್ರಿ ಬಕೆಟ್ಟನ್ನು ಒದ್ದ. ಹಸಿರು ಬಣ್ಣ ನನ್ನ ಅತ್ತೆಯ ಮೈಮೇಲೆಲ್ಲ ಹಾರಿತು.

"ಹುಲ್ಲೆಲ್ಲಿದೆ ತೋರ್ಸಪ್ಪ, ಬಳೀತೀನಿ. ಬೋಳು ತಲೆ ಕೊಟ್ಟು ಜಡೆ ಹಾಕು ಅಂದ್ರೆ ಎಲ್ಲಿಂದ ಹಾಕ್ಲಿ?" ಎಂದಳು ಅತ್ತೆ.

ನಾವು ಬೀದಿ ಗುಡಿಸುವವರು. ಆವತ್ತು ನಮ್ಮನ್ನೆಲ್ಲ ಬೀದಿ ಬಿಡಿಸಿ ಮೈದಾನಕ್ಕೆ ತಂದು ಸುರಿದಿದ್ದರು. ದೊಡ್ಡದೊಂದು ಫುಟ್‌ಬಾಲ್ ತಂಡ ನೆಲೆ ನಿಲ್ಲಲು ಊರು ಹುಡುಕುತ್ತಿತ್ತಂತೆ. ಅದರ ಮಾಲೀಕರು ಮಧ್ಯಾಹ್ನ ಬಂದು ನಮ್ಮೂರನ್ನು ನೋಡಿ ಒಪ್ಪಬೇಕಂತೆ. 'ತಂಡ ಬಂದರೆ ಊರು ಉದ್ಧಾರ' ಎಂದು ಮೇಯರ್ ಗೋಡೆ ಗೋಡೆಗೂ ಬರೆಸಿದ್ದರು. ಆ ಗೋಡೆಗಳ ಹಿಂದೆ ನಮ್ಮ ಕೇರಿ. ಕೇರಿಗಿದ್ದ ಒಂದೇ ಕಕ್ಕಸನ್ನು ಮಾಲೀಕರ ಕಾರುಗಳು ನಿಲ್ಲಲೆಂದು ಕೆಡವಿದ್ದರು. ಆಮೇಲೆ ನಾವು ಹೆಂಗಸರು ಕತ್ತಲಾಗುವ ತನಕ ಹೊಟ್ಟೆ ಹಿಡಿದುಕೊಂಡು ದುಡಿಯುತ್ತಿದ್ದೆವು.

ಮೈದಾನದ ಮೂಲೆಯಲ್ಲಿ ಮಾತ್ರ ಹೊಸ ಕಕ್ಕಸು: ಬಿಳಿ ಟೈಲ್ಸು, ಆಳೆತ್ತರದ ಕನ್ನಡಿ, ಘಮಘಮ ಸೋಪು. ಬೆಳಿಗ್ಗೆ ತಿಕ್ಕಿ ತೊಳೆದವಳು ನಾನೇ. ಒಳಗೆ ಹೋಗಲೇ ಎಂದು ಕೇಳಿದ್ದಕ್ಕೆ ಮೇಸ್ತ್ರಿ, "ನಿಮ್ಮಪ್ಪ ಕಟ್ಸಿದ್ದೇನೇ?" ಎಂದ.

"ಅಪ್ಪ ಅಲ್ಲ, ನನ್ ಗಂಡ. ಗಾರೆ ಕೆಲ್ಸ ಅವಂದೇ."

"ಬಾಯ್ಮುಚ್ಚೇ ಹಡಬೆ!"

ಮಧ್ಯಾಹ್ನ ಸೀರೆಯ ಮೇಲೆ ಹಳದಿ ಜೆರ್ಸಿ ತೊಡಿಸಿ ನಮ್ಮನ್ನು ಮೆಟ್ಟಿಲುಗಳ ಮೇಲೆ ಅಭಿಮಾನಿಗಳಾಗಿ ಕೂರಿಸಿದರು. ಮೇಸ್ತ್ರಿ ಕೆಂಪು ಟವೆಲು ಎತ್ತಿದಾಗ 'ಗೋಲ್!' ಎಂದು ಕೂಗಬೇಕು, ಅಷ್ಟೇ ಕೆಲಸ.

ಮಾಲೀಕರು ಬಂದರು. ಮೇಯರ್ ಮೈಕು ಹಿಡಿದು, "ನಮ್ಮ ಜನರ ಉಸಿರೇ ಫುಟ್‌ಬಾಲು" ಎಂದರು. ಬಿಸಿಲು ತಾಳದೆ ಮೇಸ್ತ್ರಿ ಟವೆಲಿನಿಂದ ಹಣೆ ಒರೆಸಿಕೊಂಡ. ನಾವೆಲ್ಲ ಎದ್ದು "ಗೋಲ್!" ಎಂದೆವು. ಮಾಲೀಕರು ಬೆಚ್ಚಿ ಚೆಂಡಿಗಾಗಿ ಹುಡುಕಾಡಿದರು. ಆಮೇಲೆ ಖುಷಿಯಾಗಿ, ಮೈಕನ್ನು ನೇರ ತಂದು ಅತ್ತೆಯ ಮುಂದೆ ಹಿಡಿದರು.

"ಹೇಳಮ್ಮಾ, ನಮ್ಮ ತಂಡ ಬರ್ಬೇಕೋ ಬೇಡ್ವೋ?"

"ತಂಡದಲ್ಲಿ ಎಷ್ಟ್ ಜನ ಸಾರ್?"

"ಎಲ್ಲ ಸೇರಿ ನಲವತ್ತು."

"ಕಕ್ಕಸು ಎಷ್ಟು ಕಟ್ಟಿಸ್ತೀರಿ?"

"ಇಪ್ಪತ್ತು!" ಎಂದರು ಮಾಲೀಕರು, ಎದೆಯುಬ್ಬಿಸಿ.

"ಅಯ್ಯೋ ಪಾಪ, ಅಷ್ಟು ಭೇದೀನಾ ಅವ್ರಿಗೆ? ನಮ್ ಕೇರಿಗೆಲ್ಲ ಒಂದಿತ್ತು. ಅದನ್ನೂ ನಿಮ್ ಕಾರಿಗೋಸ್ಕರ ಕೆಡವಿದ್ರು. ತಂಡ ಬರ್ಲಿ, ಬಿಡ್ಲಿ ಸಾರ್, ಮೊದ್ಲು ನಾನೊಂದ್ಸಲ ಹೋಗ್ಬರ್ತೀನಿ. ಬೆಳಿಗ್ಗೆಯಿಂದ ತಡ್ಕೊಂಡಿದೀನಿ."

ಮೈಕಿನಲ್ಲಿ ಅದು ಇಡೀ ಊರಿಗೆ ಕೇಳಿಸಿತು. ಮೈಕು ಕಸಿಯಲು ಮೇಸ್ತ್ರಿ ಟವೆಲು ಬೀಸುತ್ತ ಓಡಿಬಂದ. ನಾವು ಇನ್ನೂ ಜೋರಾಗಿ "ಗೋಲ್!" ಎಂದೆವು.

ಅಷ್ಟರಲ್ಲಿ ಅತ್ತೆ ಮೂಲೆಯ ಕಕ್ಕಸು ಹೊಕ್ಕು ಚಿಲಕ ಹಾಕಿಕೊಂಡಿದ್ದಳು. ನಾನು ಓಡಿ ಬಾಗಿಲ ಬಳಿ ನಿಂತೆ. ನನ್ನ ಬೆನ್ನಿಗೆ ಇಡೀ ಕೇರಿಯ ಹೆಂಗಸರು ಸಾಲುಗಟ್ಟಿದರು.

ಮೇಯರ್ ಬಾಗಿಲು ಗುದ್ದಿದರು. "ತೆಗಿಯೇ ಮುದುಕಿ! ಎಲ್ರನ್ನೂ ಕೆಲ್ಸದಿಂದ ಕಿತ್ತಾಕ್ತೀನಿ! ಸಾಹೇಬ್ರು ಕಕ್ಕಸಿಗೆ ಹೋಗ್ಬೇಕಂತೆ!"

"ಕಿತ್ತಾಕಪ್ಪ, ನಾಳೆ ನಿನ್ ಬೀದಿ ನೀನೇ ಗುಡ್ಸು. ಈಗ ಕೂತಿದೀನಿ, ಎಬ್ಬಿಸ್ಬೇಡ" ಎಂದಳು ಅತ್ತೆ ಒಳಗಿನಿಂದ.

ಮಾಲೀಕರು ಕಾಲು ಬಿಗಿಹಿಡಿದು ನನ್ನನ್ನು ದಾಟಲು ನೋಡಿದರು. ನಾನು ಮೊಣಕೈ ಅಡ್ಡ ಇಟ್ಟೆ.

"ಸಾಲು ಅಲ್ಲಿಂದ ಶುರು, ಸಾರ್."

ಅವರು ಒಮ್ಮೆ ಮೇಯರ್ ಮುಖ ನೋಡಿದರು, ಒಮ್ಮೆ ಸಾಲು ನೋಡಿದರು; ಕೊನೆಗೆ ಹೋಗಿ ಬಾಲಕ್ಕೆ ನಿಂತರು.

ಅತ್ತೆ ಒದ್ದೆ ಕೈ ಮೂಸಿಕೊಳ್ಳುತ್ತ ಹೊರಬಂದಳು. ನಾನು ಒಳಹೋಗುವಾಗ ಗೇಟಿನಲ್ಲಿ ಪೊಲೀಸ್ ಜೀಪು ನಿಂತಿತು. ಬೂಟುಗಳ ಸದ್ದು ಹತ್ತಿರವಾಯಿತು. ನಾನು ಚಿಲಕ ಹಾಕಿಕೊಂಡು, ನಿಧಾನವಾಗಿ ಕುಳಿತೆ.