ಬಳ್ಳಿ ಇದ್ದ ಡಿಸ್ಕ್

ಈ ಫ್ಲಾಪಿ ಡಿಸ್ಕನ್ನು ತೂರಿಸಿದಾಗಲೂ ಡ್ರೈವ್ ಟಕ್ ಟಕ್ ಎಂದಿತೇ ಹೊರತು ಪರದೆಯ ಮೇಲೆ ಫೈಲುಗಳು ಮೂಡಲಿಲ್ಲ. ಡಿಸ್ಕ್ ಓದಲಾಗುತ್ತಿಲ್ಲ ಎಂಬ ಅದೇ ಸಾಲು. ತಂಗಿ ಡ್ರೈವ್ ನಡೆಸುವ ಡ್ರೈವರ್ ತಂತ್ರಾಂಶವನ್ನು ಕಿತ್ತುಹಾಕಿ, ಇನ್ನೊಂದು ಕಡೆಯಿಂದ ಬೇರೆಯದನ್ನು ಡೌನ್‌ಲೋಡ್ ಮಾಡಿ, ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದಳು.

"ಸಿಕ್ತೇನೇ?" ಹಿಂದಿನಿಂದ ಅಣ್ಣ ಕೇಳಿದ.

"ಇರಣ್ಣ, ಡ್ರೈವರ್ ತಕರಾರು. ಹೊಸ ಸಿಸ್ಟಮ್‌ಗೆ ಈ ಹಳೇ ಡಬ್ಬಾ ಗುರುತೇ ಸಿಗ್ತಿಲ್ಲ."

"ಡ್ರೈವರ್ ಕೈಕೊಟ್ರೆ ಕ್ಲೀನರ್‌ಗೆ ಸ್ಟೀರಿಂಗ್ ಕೊಡು. ಬಸ್ಸೆಲ್ಲ ಹಂಗೇ ತಾನೆ ಓಡ್ತಿರೋದು."

ಅವಳು ನಕ್ಕಳು. ಹೊಸ ಎಂಬ್ರಾಯ್ಡರಿ ಮಷೀನು ಹಳೆಯ ಸಿಸ್ಟಮ್ಮನ್ನು ಒಪ್ಪುವುದಿಲ್ಲವೆಂದು ಹಠ ಹಿಡಿದು ಬೆಳಿಗ್ಗೆ ಅಪ್‌ಗ್ರೇಡ್ ಮಾಡಿದವಳು ಅವಳೇ. ಡಿಸ್ಕುಗಳಲ್ಲಿದ್ದದ್ದು ಅಣ್ಣ ಬಿಡಿಸಿದ ಡಿಸೈನುಗಳು: ಬಳ್ಳಿ, ಅಂಚು, ಹಕ್ಕಿಸಾಲು. ಹೊಲಿದ ಬಟ್ಟೆಯೆಲ್ಲ ಗಿರಾಕಿಗಳ ಮನೆ ಸೇರಿತ್ತು. ಕಳೆದ ವರ್ಷ ಅಣ್ಣನ ಎರಡೂ ಕಣ್ಣು ಪೂರ್ತಿ ಹೋಗಿದ್ದವು. ಹೊಸದಾಗಿ ಒಂದು ಎಲೆಯನ್ನೂ ಅವನು ಬಿಡಿಸುವಂತಿರಲಿಲ್ಲ.

ತಪ್ಪು ಡಿಸ್ಕಿನದೋ ಡ್ರೈವರಿನದೋ ತಿಳಿಯಲು ಬೇರೆ ಡಿಸ್ಕ್ ಹಾಕಿ ನೋಡಿ ಎಂದು ಎಲ್ಲೋ ಓದಿದ್ದಳು. ಬೇರೆಯದನ್ನು ಹಾಕಿದಳು. ಆಮೇಲೆ ಮತ್ತೊಂದು. ಹೀಗೇ ಡಿಸ್ಕುಗಳ ಡಬ್ಬಿ ಖಾಲಿಯಾಯಿತು. ಕೊನೆಗೆ ರಿಪೇರಿ ಅಂಗಡಿಯವನಿಗೆ ಫೋನ್ ಮಾಡಿ, ಡ್ರೈವಿನ ಪಕ್ಕ ಹಿಡಿದು ಸದ್ದು ಕೇಳಿಸಿದಳು.

"ಅದನ್ನ ಎಲ್ಲಾದ್ರೂ ಬೀಳಿಸಿದ್ರಾ ಮೇಡಂ?"

ಬೆಳಿಗ್ಗೆ ಮೇಜು ಸರಿಸುವಾಗ ಜಾರಿ ಬಿದ್ದಿತ್ತು. ದೀಪ ಹತ್ತಿತಲ್ಲ ಎಂದು ಮರೆತೇಬಿಟ್ಟಿದ್ದಳು.

"ಒಂದ್ಸಲ."

"ಹಂಗಿದ್ರೆ ಡ್ರೈವರ್ ಮಾತು ಬಿಡಿ. ಒಳಗೆ ಡಿಸ್ಕ್ ಓದೋ ಹೆಡ್ಡೇ ಹೋಗಿದೆ. ಹಾಕಿದ ಡಿಸ್ಕನ್ನೆಲ್ಲ ಕೆರೆದು ಹಾಳು ಮಾಡುತ್ತೆ. ಇನ್ನೊಂದು ಹಾಕ್ಬೇಡಿ. ಹಾಕಿದ್ದು ಒಂದೇ ತಾನೆ?"

ಅವಳು ಮೇಜಿನ ಮೇಲಿನ ರಾಶಿಯನ್ನು ನೋಡಿದಳು.

"ಎಲ್ಲಾನೂ ಹಾಕ್ದೆ."

"ತಗೊಂಬನ್ನಿ, ನೋಡೋಣ. ಆಸೆ ಮಾತ್ರ ಇಟ್ಕೋಬೇಡಿ."

ಫೋನಿಟ್ಟು ತಿರುಗಿದರೆ ಅಣ್ಣ ಗೋಡೆ ಸವರಿಕೊಂಡು ಹತ್ತಿರ ಬಂದು ನಿಂತಿದ್ದ. ಫೋನಿನಲ್ಲಿ ಅವಳಾಡಿದ ಮಾತಷ್ಟೇ ಅವನಿಗೆ ಕೇಳಿಸಿತ್ತು. ಅಷ್ಟೇ ಸಾಕಾಗಿತ್ತು.

"ಬಳ್ಳಿದೂ ಹೋಯ್ತಾ?"

"ಹೋಯ್ತು. ಡ್ರೈವ್ ಬೀಳಿಸಿದ್ದೂ ನಾನೇ. ಆಮೇಲೆ ಒಂದೊಂದಾಗಿ ತಿನ್ನಿಸಿದ್ದೂ ನಾನೇ."

ಅವನು ಕೈಯಾಡಿಸಿ ಕುರ್ಚಿ ಹುಡುಕಿ ಕೂತ. "ನಿಮ್ಮತ್ತಿಗೆ ಪೇಟೆಯಿಂದ ಬರೋದ್ರೊಳಗೆ ಅವಳಿಗಿಷ್ಟದ ಆ ಬಳ್ಳಿಯೊಂದನ್ನಾದ್ರೂ ಕಾಗದದ ಮೇಲೆ ತರೋಣ. ಪೆನ್ಸಿಲ್ ತಗೋ. ತಲೇಲಿದೆ, ಹೇಳ್ತೀನಿ."

ಅವಳು ಹಾಳೆ ಹರಡಿದಳು.

"ಕೆಳಗಿಂದ ಬಾ. ಕಾಂಡ ಎಡಕ್ಕೆ ಬಾಗುತ್ತೆ. ಅಲ್ಲೊಂದು ಮೊಗ್ಗು. ಸಣ್ಣದು, ಮುಚ್ಚಿರ್ಬೇಕು." ಅವನ ಬೆರಳು ಗಾಳಿಯಲ್ಲಿ ಗೆರೆ ಎಳೆಯುತ್ತ ಮೇಲೇರಿತು. "ಅಲ್ಲಿಂದ ಬಲಕ್ಕೆ. ಆಮೇಲೆ ಎರಡು ಎಲೆ. ಇಲ್ಲ, ಎಲೆ ಅಲ್ಲ. ಸುರುಳಿ. ತಡಿ."

ಬೆರಳು ಕೆಳಗಿಳಿದು ಮೊಗ್ಗಿನಿಂದ ಮತ್ತೆ ಹೊರಟಿತು. ಅದೇ ತಿರುವಿಗೆ ಬಂದು ನಿಂತಿತು.

"ನೀನು ದಿನಾ ನೋಡ್ತಿದ್ಯಲ್ಲ," ಅಣ್ಣ ಅಂದ, "ಅಲ್ಲಿ ಏನಿತ್ತು?"

ಹೌದು, ದಿನಾ ನೋಡಿದ್ದಳು. ಕಾಗದಕ್ಕೆ ಒತ್ತಿ ಹಿಡಿದ ಪೆನ್ಸಿಲ್ಲಿನ ತುದಿಯಲ್ಲಿ ಕಪ್ಪು ಚುಕ್ಕೆಯೊಂದು ದಪ್ಪಗಾಗುತ್ತ ಹೋಯಿತು.