ಕೊನೆಯವಳಿಗೆ ಇನ್ನೊಂದು ಸುತ್ತು

ವರ್ಮಾಂಟಿನ ಆ ಪುಟ್ಟ ಕಾಲೇಜಿನಲ್ಲಿ ಸೈಕ್ಲೋಕ್ರಾಸ್, ಅಂದರೆ ಕೆಸರಿನ ಸೈಕಲ್ ಓಟದ ಹುಚ್ಚು ಹಿಡಿದ ಹುಡುಗರಿಗೆ ಬರವಿರಲಿಲ್ಲ. ಹುಡುಗಿಯರೆಂದರೆ ಕ್ಯಾಪ್ಟನ್ ಹ್ಯಾಡ್ಲಿ ಒಬ್ಬಳೇ. ತಂಡ ರಾಷ್ಟ್ರೀಯ ಪಂದ್ಯಕ್ಕೆ ಹೋಗಬೇಕಾದರೆ ಹುಡುಗಿಯರಲ್ಲಿ ಇಬ್ಬರಾದರೂ ಅಂಕ ಗಳಿಸಬೇಕಿತ್ತು. ದಿನವೂ ಸೈಕಲ್ ಮೇಲೆ ಗ್ರಂಥಾಲಯಕ್ಕೆ ಬಂದು, ಬೀಗ ಹಾಕಿ, ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದ ಕೊಲೆಟ್ ಎಂಬ ಹುಡುಗಿ ಹ್ಯಾಡ್ಲಿಯ ಕಣ್ಣಿಗೆ ಬಿದ್ದದ್ದು ಹೀಗೆ. ಸೈಕಲ್ ಇದೆಯಲ್ಲ, ಅಷ್ಟು ಸಾಕು ಎಂದಳು ಹ್ಯಾಡ್ಲಿ. ಹಿಂದೆ ಬರುವವರನ್ನು ಯಾರೂ ನೋಡುವುದಿಲ್ಲವೆಂದೂ ಸೇರಿಸಿದಳು. ಬೇಡ ಎನ್ನಲು ಬಾಯಿ ಬಾರದೆ ಕೊಲೆಟ್ ಒಪ್ಪಿಕೊಂಡಳು. ಎಂಥ ಧೈರ್ಯ ಎಂದು ತಂಡವೆಲ್ಲ ಹೊಗಳಿತು.

ನಿಯಮಗಳನ್ನು ವ್ಯಾನಿನಲ್ಲಿ ಹೇಳಿಕೊಟ್ಟವನು ರುಫಸ್, ತಂಡದಲ್ಲಿ ಎಲ್ಲರ ಸೈಕಲ್ ತೊಳೆಯುವವನು. ಎಲ್ಲರಿಗಿಂತ ಮುಂದಿರುವವಳು ಒಂದು ಸುತ್ತು ಹೆಚ್ಚಿಗೆ ಸುತ್ತಿ ಬಂದು ಕೊಲೆಟ್‌ಳನ್ನು ದಾಟಿಬಿಟ್ಟರೆ, ಅವಳ ಓಟದ ಜೊತೆಗೇ ಕೊಲೆಟ್‌ಳ ಓಟವೂ ಮುಗಿಯುತ್ತದೆ, ಅಂಕವಿಲ್ಲ. ದಾಟದಿದ್ದರೆ ಕೊನೆಯ ಸುತ್ತನ್ನೂ ಪೂರ್ತಿ ಮುಗಿಸಬೇಕು, ಆಗ ಅಂಕ.

“ಅಂದ್ರೆ ನಿಧಾನ ಹೋದೋರಿಗೆ ಬೇಗ ಮುಗಿಯುತ್ತಾ?” ಎಂದಳು ಕೊಲೆಟ್.

“ಹೂಂ. ಮಾನ ಹೋಗುತ್ತೆ, ಆದ್ರೆ ಬೇಗ ಹೋಗುತ್ತೆ.”

ಕೊಲೆಟ್‌ಗೆ ಆ ನಿಯಮ ಬಹಳ ಕರುಣೆಯದೆನ್ನಿಸಿತು.

ಕಣವಿದ್ದದ್ದು ಒಂದು ಸೇಬಿನ ತೋಟದಲ್ಲಿ. ನವೆಂಬರಿನ ಮಳೆಗೆ ನೆಲ ಕಲಸಿದ ಹಿಟ್ಟಿನಂತಾಗಿತ್ತು. ಮೊದಲ ತಿರುವಿನಲ್ಲೇ ಎಲ್ಲರೂ ಅವಳನ್ನು ಬಿಟ್ಟು ಹೋದರು. ಅದು ಅವಳು ಬಯಸಿದ್ದೇ. ಬಯಸದೆ ಸಿಕ್ಕದ್ದು ಜನರ ಪ್ರೀತಿ. ಈ ಆಟದಲ್ಲಿ ಮುಂದಿನವರಿಗೆ ಚಪ್ಪಾಳೆ. ಹಿಂದಿನವರಿಗೆ ದನದ ಗಂಟೆ, ತುತ್ತೂರಿ ಮತ್ತು ಬಾಯಿಗೆ ಬಂದ ಮಾತು. ದಾರಿಗೆ ಅಡ್ಡವಾಗಿ ನಿಲ್ಲಿಸಿದ ಹಲಗೆಗಳ ಬಳಿ ಇಳಿದು, ಸೈಕಲನ್ನು ಹೆಗಲಿಗೇರಿಸಿ ಅವಳು ಓಡುವಾಗ, ನಿನಗಿಂತ ನಿನ್ನ ಸೈಕಲ್ಲೇ ಸುಖವಾಗಿದೆ ಎಂದು ಒಬ್ಬರು ಮರುಗಿದರು. ಕೋಳಿಯ ವೇಷ ತೊಟ್ಟ ಮುದುಕನೊಬ್ಬ ಡೋನಟ್ ಚಾಚಿದ.

“ತಗೋಳಮ್ಮ. ರಾತ್ರಿ ಊಟಕ್ಕೆ ನೀನು ಮನೆ ಸೇರೋದು ಅನುಮಾನ.”

ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ? ನಿಂತು, ತೆಗೆದುಕೊಂಡು, ಥ್ಯಾಂಕ್ಸ್ ಹೇಳಿ ಹೊರಟಳು. ಅಂಥ ಮರ್ಯಾದಸ್ಥೆಯನ್ನು ಬೇಲಿಗೊರಗಿ ನೋಡುತ್ತಿದ್ದವರು ಕಂಡಿರಲಿಲ್ಲ; ಮುಂದಿನ ಸುತ್ತಿಗೆ ಅಲ್ಲಿ ಜನ ಇಮ್ಮಡಿಯಾಗಿದ್ದರು.

ಅಷ್ಟರಲ್ಲಿ ಅವಳ ಬೆನ್ನ ಮೇಲಿನ ಕಾಲೇಜಿನ ಹೆಸರನ್ನು ಕೆಸರು ನುಂಗಿತ್ತು. ಮುಖವನ್ನೂ. ಕೊನೆಗೆ ಗೆರೆಯತ್ತ ಹೋಗುವ ನೇರ ದಾರಿಗೆ ತಿರುಗಿದಾಗ ಹಿಂದಿನಿಂದ ಏದುಸಿರು ಕೇಳಿಸಿತು. ಎಲ್ಲರಿಗಿಂತ ಮುಂದಿದ್ದವಳು ತನ್ನ ಕೊನೆಯ ಸುತ್ತು ಮುಗಿಸುತ್ತ ಬಂದೇಬಿಟ್ಟಿದ್ದಳು, ಅವಳ ಹಿಂಚಕ್ರಕ್ಕೆ ಅಂಟಿಕೊಂಡಂತೆ ಎದುರಾಳಿ ಕಾಲೇಜಿನವಳೊಬ್ಬಳು. ಒಮ್ಮೆ ಬ್ರೇಕ್ ಹಿಡಿದರೆ ಸಾಕು, ಎಲ್ಲ ಮುಗಿಯುತ್ತದೆ. ವ್ಯಾನಿದೆ, ಕಂಬಳಿಯಿದೆ. ಸೋತದ್ದಕ್ಕೆ ಯಾರೂ ಬೈಯುವುದೂ ಇಲ್ಲ. ಕೊಲೆಟ್‌ಳ ಬೆರಳುಗಳು ಬ್ರೇಕಿನ ಮೇಲೆ ಮಡಚಿಕೊಂಡವು.

“ಏ ಕೊನೇದೋಳೇ, ಪಕ್ಕಕ್ಕೆ ಸಾಯಿ.”

ಹ್ಯಾಡ್ಲಿಯ ದನಿ. ತಿಂಗಳಿಡೀ ಗ್ರಂಥಾಲಯದ ಬಾಗಿಲಲ್ಲಿ ಕೊಲೆಟ್, ಕೊಲೆಟ್ ಎಂದು ಜೇನು ಸುರಿಸಿದ ಅದೇ ದನಿ.

ಬ್ರೇಕಿನ ಮೇಲಿನ ಬೆರಳು ಸಡಿಲವಾಯಿತು. ಬಸ್ಸಿನಲ್ಲಿ, ತರಗತಿಯಲ್ಲಿ, ಊಟದ ಸಾಲಿನಲ್ಲಿ ಈವರೆಗೆ ಎಲ್ಲರಿಗೂ ಸರಿದು ಕೊಟ್ಟ ಜಾಗವನ್ನೆಲ್ಲ ಒಟ್ಟಿಗೆ ವಾಪಸ್ಸು ಕೇಳುವವಳಂತೆ ಅವಳು ತುಳಿದಳು. ಹಿಂದಿನವರ ದಾರಿಗೆ ಅಡ್ಡವೇನೂ ಬರಲಿಲ್ಲ. ಅಂಚು ಹಿಡಿದೇ ಹೋದಳು, ಆದರೆ ಮುಂದೆಯೇ ಹೋದಳು. ಒಂದು ಚಕ್ರದಷ್ಟು ಅಂತರದಲ್ಲಿ ಗೆರೆ ದಾಟಿದಳು. ಬೆನ್ನಿಗೇ ಹ್ಯಾಡ್ಲಿ ಎರಡೂ ಕೈಯೆತ್ತಿ ಗೆದ್ದಳು.

ಜನ ಗೆದ್ದವಳನ್ನು ಮುತ್ತಿಕೊಂಡರು. ತೀರ್ಪುಗಾರ ಮಾತ್ರ ಕೊಲೆಟ್‌ಳನ್ನು ನೋಡಿ, ಪಾಪ ಎನ್ನುವಂತೆ ಕೈ ಬೀಸಿದ.

“ನಿಂಗೆ ಇನ್ನೊಂದು ಸುತ್ತಿದೆ ತಾಯಿ.”

ಉಳಿದವರೆಲ್ಲ ಒಬ್ಬೊಬ್ಬರಾಗಿ ಮುಗಿಸಿ ಇಳಿದರು. ಇಡೀ ತೋಟದಲ್ಲಿ ಈಗ ಚಲಿಸುವ ವಸ್ತುವೆಂದರೆ ಅವಳೊಬ್ಬಳೇ. ನೋಡಲು ಬೇರೇನೂ ಇಲ್ಲದ್ದರಿಂದ ಎಲ್ಲರೂ ಅವಳನ್ನೇ ನೋಡಿದರು. ಮುಂದಿನ ಓಟದ ಗಂಡಸರು ಸಾಲುಗಟ್ಟಿ ನಿಂತು, ಚಳಿಗೆ ಬೆರಳು ಊದಿಕೊಳ್ಳುತ್ತ, ಅವಳಿಗಾಗಿ ಕಾದರು. ಹಲಗೆಗಳ ಬಳಿ ಬಿದ್ದಳು. ಕೋಳಿ ವೇಷದವನು ಪಕ್ಕದಲ್ಲೇ ಓಡುತ್ತ ಬಂದು, ರೆಕ್ಕೆ ಬಡಿದು ಎಬ್ಬಿಸಿದ. ನಾಚಿಕೆಯಿಂದ ಸಾಯುತ್ತೇನೆಂದುಕೊಂಡಳು, ಉಸಿರಾಡಲೇ ಪುರಸೊತ್ತಿಲ್ಲದೆ ಅದನ್ನೂ ಮುಂದೂಡಿದಳು.

ಗೆರೆಯಲ್ಲಿ ರುಫಸ್ ಸೈಕಲ್ ಹಿಡಿದುಕೊಂಡ. ಅಂಕ ಬಂತು, ರಾಷ್ಟ್ರೀಯ ಪಂದ್ಯಕ್ಕೂ ದಾರಿಯಾಯಿತು ಎಂದ. ಯಾರೋ ಒಬ್ಬ ಕೆಸರುಗೊಂಬೆ ಕೊನೆಯಲ್ಲಿ ದಾರಿಯನ್ನೇ ಬಿಡಲಿಲ್ಲವೆಂದು ಎಲ್ಲರ ಮುಂದೆ ದೂರುತ್ತಿದ್ದ ಹ್ಯಾಡ್ಲಿ, ರುಫಸ್ ಒರೆಸಿದ ಮುಖವನ್ನು ನೋಡಿ ಮಾತು ನುಂಗಿದಳು.

“ನೀನು ಅಂತ ಗೊತ್ತಾಗ್ಲಿಲ್ಲ ಕಣೇ. ಗೊತ್ತಾಗಿದ್ರೆ ಹಾಗಂತಿದ್ನಾ?”

“ಗೊತ್ತಾಗ್ದೇ ಇದ್ದಿದ್ದೇ ಒಳ್ಳೇದಾಯ್ತು,” ಎಂದಳು ಕೊಲೆಟ್. “ಹೆಸರು ಹಿಡಿದು ಕೇಳಿದ್ರೆ ದಾರಿ ಬಿಟ್ಟುಬಿಡ್ತಿದ್ದೆ.”