ಒಂಟಿ ಸೀನು

ಪ್ರೇಮ, ಅದೃಷ್ಟ ಎರಡನ್ನೂ ಇಟ್ಟುಕೊಂಡು ಜನರನ್ನು ನಗಿಸುವ ಸಿನಿಮಾ ಮಾಡಲು ಹೊರಟವನಿಗೆ ಮೊದಲ ದಿನವೇ ಅದೃಷ್ಟ ಕೈಕೊಡಬಾರದಿತ್ತು. ಅಮರ್‌ಗೆ ಕೈಕೊಟ್ಟಿತು. ಅದೂ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯಲ್ಲಿ, ಮುಹೂರ್ತದ ಹೊತ್ತಿಗೆ ಸರಿಯಾಗಿ, ಒಂದು ಮೂಗಿನ ದೆಸೆಯಿಂದ.

ಮೂಗು ಲಾಸ್ಯಾಳದು. ಅವಳು ಅಮರ್‌ನ ಸಹಾಯಕ ನಿರ್ದೇಶಕಿ. ಮಲ್ಲೇಶ್ವರಂನಲ್ಲಿ ಅವಳ ಮನೆಯ ಜಗಲಿಯ ಮೇಲೆ ಕೂತು ಇಬ್ಬರೂ ವರ್ಷಗಟ್ಟಲೆ ಈ ಕಥೆ ಬರೆದಿದ್ದರು. ಶಕುನ ಗಿಕುನ ಎಲ್ಲ ಪಕ್ಕಕ್ಕೆ ತಳ್ಳಿ ಹುಡುಗಿಯ ಕೈ ಹಿಡಿಯುವ ನಾಯಕನ ಬಾಯಲ್ಲಿ ಅಮರ್ ಎಂಥೆಂಥ ಮಾತು ಆಡಿಸಿದ್ದ! ತಾನು ಮಾತ್ರ ಲಾಸ್ಯಾಳ ಎದುರು "ಕಾಫಿ ಚೆನ್ನಾಗಿದೆ" ಅನ್ನುವುದರಿಂದ ಒಂದು ಹೆಜ್ಜೆ ಮುಂದೆ ಹೋಗಿರಲಿಲ್ಲ. ಅವನ ಧೈರ್ಯವೆಲ್ಲ ಪುಸ್ತಕದ ಬದನೆಕಾಯಿ.

ನಿರ್ಮಾಪಕರು ದೊಡ್ಡಬೈರಪ್ಪ, ಸೈಟು ವ್ಯಾಪಾರದವರು. ಒಳ್ಳೆಯ ಮನುಷ್ಯ, ಆದರೆ ತಾಯಿ ಪಿಳ್ಳಮ್ಮನನ್ನು ಕೇಳದೆ ಮನೆಯ ಗೇಟಿಗೂ ಬಣ್ಣ ಹೊಡೆಸಿದವರಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿ ಪಿಳ್ಳಮ್ಮ. ಅವರಿಗೊಂದು ಕುರ್ಚಿ ಹಾಕಿ ಕ್ಯಾಮೆರಾದ ಪಕ್ಕದಲ್ಲೇ ಕೂರಿಸಿದ್ದರು.

"ಇವತ್ತು ಎಷ್ಟು ತೆಗೀತೀಯಪ್ಪಾ?" ಎಂದು ಕೇಳಿದರು ಪಿಳ್ಳಮ್ಮ.

"ಒಂದೇ ಸೀನು ಅಜ್ಜಿ," ಅಂದ ಅಮರ್.

"ಬಿಡ್ತು ಅನ್ನು. ಶುಭಕಾರ್ಯದಲ್ಲಿ ಯಾರಾದ್ರೂ ಒಂಟಿ ಸೀನು ಅಂತಾರಾ?"

"ಆ ಸೀನಲ್ಲ ಅಜ್ಜಿ. ಸಿನಿಮಾ ಸೀನು."

"ಯಾವ ಸೀನಾದ್ರೂ ಜೋಡಿ ಇರ್ಬೇಕು ಕಣಪ್ಪ."

ಆಮೇಲೆ ಮಂಗಳಾರತಿ ಆಯಿತು, ಕಾಯಿ ಒಡೆದರು. ಅಂಗಡಿಯ ಒಳಗೆಲ್ಲ ಊದುಬತ್ತಿಯ ಹೊಗೆ, ಕಾಗದದ ದೂಳು. ಲಾಸ್ಯಾ ಕ್ಲ್ಯಾಪ್ ಬೋರ್ಡು ಹಿಡಿದು ಕ್ಯಾಮೆರಾದ ಮುಂದೆ ನಿಂತು, "ಸೀನ್ ಒಂದು, ಟೇಕ್..." ಅಂದವಳು ಮುಂದಿನ ಮಾತಿನ ಬದಲು ಗಟ್ಟಿಯಾಗಿ ಸೀನಿಬಿಟ್ಟಳು. ಒಂದೇ ಒಂದು.

"ನಿಲ್ಸಿ," ಅಂದರು ದೊಡ್ಡಬೈರಪ್ಪ.

ಪಿಳ್ಳಮ್ಮ ಕಣ್ಣು ಮುಚ್ಚಿ ಕಾಯತೊಡಗಿದರು. ಇನ್ನೊಂದು ಬಂದರೆ ಜೋಡಿ, ಶುಭ. ಬರದಿದ್ದರೆ ಅಪಶಕುನ. ಲೈಟು ಹಿಡಿದವರಿಂದ ಹಿಡಿದು ಅಂಗಡಿಯ ಮಾಲೀಕರವರೆಗೆ ಎಲ್ಲರೂ ಲಾಸ್ಯಾಳ ಮೂಗನ್ನೇ ನೋಡುತ್ತ ನಿಂತರು. ಅಷ್ಟು ಜನರನ್ನು ಕಂಡು ಪಾಪದ ಮೂಗಿಗೆ ನಾಚಿಕೆಯಾಯಿತೋ ಏನೋ, ಎರಡನೆಯದು ಬರಲೇ ಇಲ್ಲ. ಒಬ್ಬರು ಲೈಟು ನೋಡು ಅಂದರು, ಒಬ್ಬರು ಕಾಗದ ಸುರುಳಿ ಸುತ್ತಿ ಕೊಟ್ಟರು, ಇನ್ನೊಬ್ಬರು ನಶ್ಯ ತರಲು ಓಡಿದರು.

"ಎಳ್ಕೊಂಡು ತಂದ ಸೀನು ಲೆಕ್ಕಕ್ಕಿಲ್ಲ," ಅಂದರು ಪಿಳ್ಳಮ್ಮ, ಕಣ್ಣು ಬಿಡದೆ.

ದೊಡ್ಡಬೈರಪ್ಪ ಗಡಿಯಾರ ನೋಡಿಕೊಂಡರು. "ಹತ್ತೂವರೆಗೆ ರಾಹುಕಾಲ ಬಂದ್ಬಿಡುತ್ತೆ. ಅಮರ್, ಬೇಜಾರು ಮಾಡ್ಕೋಬೇಡಿ. ಆ ಹುಡುಗೀನ ಕಳಿಸ್ಬಿಡಿ, ನಾಳೆಯಿಂದ್ಲೂ ಬೇಡ. ಇಲ್ಲಾಂದ್ರೆ ಈ ಸಿನಿಮಾ ನನ್ನ ಕೈಲಿ ಆಗಲ್ಲ."

ಲಾಸ್ಯಾ ಜಗಳಕ್ಕೆ ನಿಲ್ಲಲಿಲ್ಲ. ಬೋರ್ಡನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಚೀಲ ಹೆಗಲಿಗೆ ಹಾಕಿಕೊಂಡಳು. "ನೀನು ಶುರು ಮಾಡು ಅಮರ್, ನಾನು ಬಸ್ ಹಿಡೀತೀನಿ," ಎಂದು ನಕ್ಕಳು. ಅಮರ್ ಅವಳ ದಾರಿಗೆ ಅಡ್ಡ ಬಂದ.

"ಅವಳು ಹೋದ್ರೆ ನಾನೂ ಹೋಗ್ತೀನಿ ಸಾರ್," ಅಂದ. "ಸಿನಿಮಾ ಹೋದ್ರೆ ಹೋಗ್ಲಿ."

ಪಿಳ್ಳಮ್ಮ ಈಗ ಕಣ್ಣು ಬಿಟ್ಟರು. "ಈ ಹುಡುಗಿ ನಿಂಗೆ ಏನಾಗ್ಬೇಕಪ್ಪಾ?"

ಎಲ್ಲರೂ ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಅತ್ತೆ ಮಗಳು ಅಂತಲೋ ಏನೂ ಆಗಬೇಕಿಲ್ಲ ಅಂತಲೋ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅಮರ್ ಆ ಮಾತನ್ನು ಇದ್ದದ್ದು ಇದ್ದ ಹಾಗೇ ತಗೊಂಡ.

"ಹೆಂಡ್ತಿ ಆಗ್ಬೇಕು ಅಜ್ಜಿ," ಅಂದುಬಿಟ್ಟ. "ಇನ್ನೂ ಆಗಿಲ್ಲ. ಅವಳನ್ನ ಕೇಳೂ ಇಲ್ಲ. ಆಗ್ಬೇಕು ಅಂತ ನನಗಾಸೆ."

ಹೇಳಿದ ಮೇಲೆ ಅಮರ್ ನಾಚಿಕೊಂಡು ಹಿಂದೆ ಸರಿದ. ಬೆನ್ನು ಕಪಾಟಿಗೆ ತಗುಲಿ, ಮೇಲಿನ ಹಲಗೆಯಲ್ಲಿದ್ದ ಹಳೇ ಮಾದರಿ ಲಗ್ನಪತ್ರಿಕೆಗಳೆಲ್ಲ ದೂಳಿನ ಸಮೇತ ಅವನ ತಲೆಯ ಮೇಲೆ ಸುರಿದವು. ಗಣಪತಿಯ ಚಿತ್ರಗಳ ನಡುವೆ ನಿಂತು ಅವನು ಸೀನಿದ.

"ಜೋಡಿ ಆಯ್ತು," ಅಂದರು ಪಿಳ್ಳಮ್ಮ.

"ಅವ್ವಾ, ಮೂಗು ಎರಡಲ್ವಾ?" ಅಂದರು ದೊಡ್ಡಬೈರಪ್ಪ.

"ಮದ್ವೆ ಆದ್ಮೇಲೆ ಯಾರ ಮೂಗಾದ್ರೇನು? ಆದ್ರೆ ಹುಡುಗಿ ಒಪ್ಬೇಕು. ಒಪ್ಪದಿದ್ರೆ ಎರಡು ಒಂಟಿ ಸೀನಾಯ್ತು, ಇನ್ನೂ ಕೆಟ್ಟದ್ದು."

ಎಲ್ಲರ ಕಣ್ಣೂ ಲಾಸ್ಯಾಳ ಮೇಲೆ ಬಿತ್ತು. ಅಮರ್‌ಗೆ ಆಗ ಹೊಳೆಯಿತು: ಇಷ್ಟು ಜನರ ಅನ್ನ ಅವಳ ಒಂದು ಮಾತಿನ ಮೇಲೆ ನಿಂತಿದ್ದರೆ ಅವಳು ಬೇಡ ಅನ್ನುವುದಾದರೂ ಹೇಗೆ?

"ಸಿನಿಮಾಗೋಸ್ಕರ ಹೂಂ ಅನ್ಬೇಡ ಲಾಸ್ಯಾ," ಅಂದ.

ಅವಳು ಹತ್ತಿರ ಬಂದು ಅವನ ಕೂದಲಿಗೆ ಸಿಕ್ಕಿಕೊಂಡಿದ್ದ ಲಗ್ನಪತ್ರಿಕೆಯೊಂದನ್ನು ತೆಗೆದಳು.

"ಅಜ್ಜಿ, ಆ ಎರಡನೇ ಸೀನಿಗೆ ನಾನು ಒಪ್ಪಲ್ಲ," ಅಂದಳು.

ದೊಡ್ಡಬೈರಪ್ಪನವರ ಮುಖ ಇಳಿದುಹೋಯಿತು. ಅಮರ್ ನೆಲ ನೋಡಿದ.

"ಇವನು ಆಸೆ ಅಂದಾಗ ಇನ್ನೂ ಜೋಡಿ ಆಗಿರ್ಲಿಲ್ಲ, ಇದ್ದಿದ್ದು ಬರೀ ನನ್ನ ಒಂಟಿ ಸೀನು," ಅಂದಳು ಲಾಸ್ಯಾ. "ನಾನು ಆವಾಗ್ಲೇ ಒಪ್ಕೊಂಡಾಯ್ತು."